ವಿಮಾನ ಹಾರಿಸುವಾಗ ಸ್ಕೈಡೈವಿಂಗ್ ಜಾಗ ಎದುರಾದರೆ ಏನು ಮಾಡಬೇಕು?

ನೀವು ಕೇಳಿದ್ದು ಇಷ್ಟು: ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸಿಗೆ ಕಲಿಯುತ್ತಿದ್ದೀರಿ, ಸದ್ಯದಲ್ಲೇ ಸೋಲೋ ಕ್ರಾಸ್ ಕಂಟ್ರಿ (ಒಬ್ಬರೇ ದೂರದ ಊರಿಗೆ ಹಾರಿಸಿಕೊಂಡು ಹೋಗುವುದು) ಇದೆ, ದಾರಿಯಲ್ಲಿ ಚಾರ್ಟಿನ (ಪೈಲಟ್‌ಗಳ ನಕ್ಷೆಯ) ಮೇಲೆ ಪ್ಯಾರಾಚೂಟ್ ಗುರುತು ಇದೆ. ಅದರ ಮೇಲೆ ಹೋಗಬಹುದಾ? ಆ ಗುರುತು ಇದೆ ಅನ್ನುವ ಒಂದೇ ಕಾರಣಕ್ಕೆ ಕಾನೂನು ತಡೆಯುವುದಿಲ್ಲ. ನಾನಂತೂ ಬೇಡ ಅನ್ನುತ್ತೇನೆ.

ನಾನು ಮೈಸೂರಿನವನು, ಲೈಸೆನ್ಸ್ ಮಾಡಿದ್ದು ಅರಿಝೋನಾದಲ್ಲಿ. ಫೀನಿಕ್ಸ್‌ನಿಂದ ಟುಸಾನ್‌ಗೆ ಹೋಗಲು ಹೆದ್ದಾರಿಯ ಜೊತೆಜೊತೆಗೇ ಪೆನ್ಸಿಲಲ್ಲಿ ಗೆರೆ ಎಳೆದಿದ್ದೆ. ಹೆದ್ದಾರಿ ಹಿಡಿದು ಹೋದರೆ ದಾರಿ ತಪ್ಪಲ್ಲ, ಅಲ್ವಾ? ಎತ್ತರ 5,500 ಅಡಿ. ಇನ್‌ಸ್ಟ್ರಕ್ಟರ್ ಚಾರ್ಟ್ ನೋಡಿದರು. ಏನೂ ಮಾತಾಡದೆ ರಬ್ಬರ್ ತಗೊಂಡು ನಡುವೆ ನಾಲ್ಕು ಬೆರಳಷ್ಟು ಗೆರೆ ಅಳಿಸಿಬಿಟ್ಟರು. ಅಲ್ಲಿದ್ದದ್ದು ಎಲಾಯ್, ಸ್ಕೈಡೈವಿಂಗಿಗೆ ಹೆಸರಾದ ಊರು. ಅಲ್ಲಿನ ನೆಲವೇ ಸಮುದ್ರ ಮಟ್ಟದಿಂದ ಸುಮಾರು 1,500 ಅಡಿ. ಅಂದರೆ ನಾನು ನೆಲದಿಂದ 4,000 ಅಡಿ ಮೇಲೆ. ಪ್ಯಾರಾಚೂಟ್ ಬಿಚ್ಚಿಕೊಳ್ಳುವುದೂ ಹೆಚ್ಚುಕಮ್ಮಿ ಅಲ್ಲೇ!

"ಹುಷಾರಾಗಿ ನೋಡಿಕೊಂಡು ಹೋಗ್ತೀನಿ" ಅಂದೆ. ನಕ್ಕರು.

ಯಾಕೆ ನಕ್ಕರು ಅನ್ನುವುದು ಹೊಳೆದದ್ದು ಊರಿಗೆ ಬಂದ ಮೇಲೆ, ದಸರಾ ಏರ್ ಶೋ ದಿನ. ವಾಯುಪಡೆಯ ಆಕಾಶ ಗಂಗಾ ತಂಡದವರು ಈಗ ಜಿಗಿಯುತ್ತಾರೆ ಅಂತ ಬನ್ನಿಮಂಟಪದ ಮೈದಾನದಲ್ಲಿ ಮೈಕಲ್ಲಿ ಹೇಳಿದರು. ಅಷ್ಟು ಜನವೂ ಕತ್ತೆತ್ತಿ ನಿಂತೆವು. ಪಕ್ಕದಲ್ಲಿದ್ದ ಅಜ್ಜಿ "ಎಲ್ಲಪ್ಪಾ, ಎಲ್ಲಿ?" ಅಂತ ನನ್ನ ತೋಳು ಜಗ್ಗುತ್ತಲೇ ಇದ್ದರು. ನನಗೂ ಕಂಡರೆ ತಾನೇ ತೋರಿಸೋದು! ಬಣ್ಣದ ಛತ್ರಿ ಬಿಚ್ಚಿಕೊಂಡ ಮೇಲೆಯೇ ಎಲ್ಲರೂ "ಅಗೋ, ಅಗೋ" ಅಂದದ್ದು. ನಿಂತಲ್ಲೇ ನಿಂತು, ಹುಡುಕುವುದೇ ಕೆಲಸವಾಗಿದ್ದಾಗ ಇದು ಕಥೆ. ಇನ್ನು ಸೆಸ್ನಾ 172ರಲ್ಲಿ, ಅಂದರೆ ಕಲಿಯುವವರು ಹಾರಿಸುವ ಪುಟ್ಟ ವಿಮಾನದಲ್ಲಿ, ರೆಕ್ಕೆ ನಿಮ್ಮ ತಲೆ ಮೇಲಿರುತ್ತೆ. ಅವರು ಬೀಳುವುದು ಆ ರೆಕ್ಕೆಯ ಆಚೆಯಿಂದ. ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಬೀಳುವವರಿಗೆ ನಿಮ್ಮನ್ನು ಕಂಡರೂ ಪಕ್ಕಕ್ಕೆ ಸರಿಯುವುದು ಸುಲಭವಲ್ಲ.

ಇನ್ನೊಂದು ವಿಷಯ. ಗುರುತು ಇರುವುದು ಏರ್‌ಪೋರ್ಟಿನ ಹತ್ತಿರ, ಆದರೆ ಜನ ಜಿಗಿಯುವುದು ಅದರ ನೆತ್ತಿಯ ಮೇಲೇ ಅಲ್ಲ. ಗಾಳಿ ತಳ್ಳಿಕೊಂಡು ಬರುತ್ತೆ ಅಂತ ಲೆಕ್ಕ ಹಾಕಿ, ಗಾಳಿ ಬರುವ ದಿಕ್ಕಿಗೆ ಮುಂದೆ ಹೋಗಿ ಹಾರುತ್ತಾರೆ. ಪಶ್ಚಿಮದ ಗಾಳಿ ಜೋರಾಗಿದ್ದರೆ ಏರ್‌ಪೋರ್ಟಿನಿಂದ ಪಶ್ಚಿಮಕ್ಕೆ ಸಾಕಷ್ಟು ದೂರದಲ್ಲೇ ಬಾಗಿಲು ತೆಗೆದಿರುತ್ತಾರೆ. ಆದ್ದರಿಂದ ನೀವು ಪೂರ್ವದಿಂದ ಬಳಸಿಕೊಂಡು ಹೋಗಿ. ನೋಡಬೇಕಾದದ್ದು ಮೇಲಿನ ಗಾಳಿಯ ಮುನ್ಸೂಚನೆ. ನೆಲದ ಗಾಳಿಚೀಲ ನೋಡಿ ಸುಮ್ನೆ ಮೋಸ ಹೋಗಬೇಡಿ.

ಹೊರಡುವ ಮುಂಚೆ ಚಾರ್ಟ್ ಸಪ್ಲಿಮೆಂಟಿನಲ್ಲಿ (ಚಾರ್ಟಿನ ಜೊತೆಗಿನ ಮಾಹಿತಿ ಪುಸ್ತಕ) ಆ ಜಾಗದ ಎತ್ತರ, ಸಮಯ ಓದಿ. ನೋಟಾಮ್‌ಗಳನ್ನೂ, ಅಂದರೆ ಪೈಲಟ್‌ಗಳಿಗೆ ಹೊರಡಿಸುವ ತಾಜಾ ಸೂಚನೆಗಳನ್ನೂ ನೋಡಿ. ಮೋಡವಿಲ್ಲದ ಶನಿವಾರ, ಭಾನುವಾರ ಅಂದರೆ ಅವರಿಗೂ ಹಬ್ಬ ಅಂದುಕೊಳ್ಳಿ.

ಮೇಲೆ ಹೋದ ಮೇಲೆ ರೇಡಿಯೋ. ಜಿಗಿಸುವ ವಿಮಾನದ ಪೈಲಟ್ ಕನಿಷ್ಠ 5 ನಿಮಿಷ ಮೊದಲು ಕಂಟ್ರೋಲರ್ ಜೊತೆ ಸಂಪರ್ಕದಲ್ಲಿರಬೇಕು ಅನ್ನುವುದು ಅಲ್ಲಿನ ನಿಯಮ. ಹಾಗಾಗಿ ಫ್ಲೈಟ್ ಫಾಲೋಯಿಂಗ್ (ಕಂಟ್ರೋಲರ್ ನಿಮ್ಮನ್ನು ರೇಡಾರಿನಲ್ಲಿ ನೋಡುತ್ತಾ ಸುತ್ತಲಿನ ವಿಮಾನಗಳ ಬಗ್ಗೆ ಹೇಳುವ ಸೇವೆ) ಕೇಳಿ ತಗೊಳ್ಳಿ, ಮುಂದೆ ಜಂಪ್ ನಡೆಯುತ್ತಿದೆಯಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಎರಡನೇ ರೇಡಿಯೋದಲ್ಲಿ ಆ ಏರ್‌ಪೋರ್ಟಿನ ಫ್ರೀಕ್ವೆನ್ಸಿ ಹಾಕಿಕೊಂಡಿರಿ. "ಇನ್ನೊಂದು ನಿಮಿಷದಲ್ಲಿ ಜಂಪರ್ಸ್" ಅಂತ ಕೇಳಿಸಿದರೆ, ಆ ಒಂದು ನಿಮಿಷದಲ್ಲಿ ನೀವು ಹೆಚ್ಚುಕಮ್ಮಿ ಎರಡು ಮೈಲಿ ಮುಂದೆ ಹೋಗಿರುತ್ತೀರಿ. ಕೇಳಿಸಿದ ತಕ್ಷಣ ತಿರುಗಿಸಿ. ಜನರನ್ನು ಇಳಿಸಿದ ವಿಮಾನವೂ ಕಲ್ಲು ಬಿದ್ದ ಹಾಗೆ ಕೆಳಗೆ ಬರುತ್ತೆ, ಮುಂದಿನ ತಂಡ ಕಾಯುತ್ತಿರುತ್ತಲ್ಲ. ಅದನ್ನೂ ಮರೆಯಬೇಡಿ.

ಮುಂದೆ ಊರಿಗೆ ಬಂದು ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟಿನಿಂದ ಹಾರಿಸುವ ಆಸೆ ಇದ್ದರೆ ಪದ್ಧತಿ ಬೇರೆ. ಬೇರೆ ಊರಿಗೆ ಹೋಗಲು ಫ್ಲೈಟ್ ಪ್ಲಾನ್ ಕೊಟ್ಟು, ಎಡಿಸಿ (ವಾಯು ರಕ್ಷಣೆಯ ಅನುಮತಿ) ಮತ್ತು ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರ್ ತಗೊಂಡೇ ಹೊರಡಬೇಕು. ನೋಟಾಮ್ ಓದುವುದು ಮಾತ್ರ ಎರಡೂ ಕಡೆ ಒಂದೇ.

ಬಳಸಿಕೊಂಡು ಹೋದರೆ ಪೆಟ್ರೋಲ್ ಜಾಸ್ತಿ ಆಗುತ್ತೆ ಅಂತಲೂ ಬರೆದಿದ್ದೀರಿ. ನನಗೂ ಅದೇ ಚಿಂತೆ ಇತ್ತು, ಕೂತು ಲೆಕ್ಕ ಹಾಕಿದೆ. 80 ಮೈಲಿ ದಾರಿಯನ್ನು ಸರಿಯಾಗಿ ನಡುವಲ್ಲಿ 5 ಮೈಲಿ ಪಕ್ಕಕ್ಕೆ ಬಾಗಿಸಿದರೆ ಹೆಚ್ಚಾಗುವ ದೂರ ಮುಕ್ಕಾಲು ಮೈಲಿಯೂ ಇಲ್ಲ. ಸೆಸ್ನಾಗೆ ಅದು ಅರ್ಧ ನಿಮಿಷದ ಕೆಲಸವೂ ಅಲ್ಲ. ಆದರೆ ಈ ಬಾಗು ನೆಲದ ಮೇಲೇ, ಗೆರೆ ಎಳೆಯುವಾಗಲೇ ಹಾಕಿರಬೇಕು.