ಮೊಬೈಲ್ ಮೇಳದಲ್ಲಿ ತೋರಿಸಿದ ಹೊಸ ಚಿಪ್, ನಾವು ಕೊಳ್ಳುವ ಆಂಡ್ರಾಯ್ಡ್ ಫೋನಿನಲ್ಲೂ ಅಷ್ಟೇ ವೇಗ ಕೊಡುತ್ತದೆಯೇ?

ಯಾವಾಗಲೂ ಇಲ್ಲ. ಚಿಪ್ ಅದೇ ಇರಬಹುದು, ಆದರೆ ಅದು ಕೂತಿರುವ ಮನೆ ಬೇರೆ.

ಮೇಳದ ಮಳಿಗೆಯಲ್ಲಿ ಚಿಪ್ ಕಂಪನಿಗಳು ಎಷ್ಟೋ ಸಲ ತೋರಿಸುವುದು ‘ರೆಫರೆನ್ಸ್ ಡಿವೈಸ್’. ಅಂದರೆ ಫೋನ್ ತಯಾರಿಸುವವರಿಗೆ ಮಾದರಿಯಾಗಿ, ಪರೀಕ್ಷೆಗೆಂದು ಮಾಡಿಸಿದ ಸಾಧನ. ಅದು ಅಂಗಡಿಗೆ ಬರುವುದೇ ಇಲ್ಲ. 2008ರ ಫೆಬ್ರವರಿಯಲ್ಲಿ ಬಾರ್ಸಿಲೋನಾದ ಮೊಬೈಲ್ ವರ್ಲ್ಡ್ ಕಾಂಗ್ರೆಸ್ ಎಂಬ ಮೇಳದಲ್ಲಿ ಆಂಡ್ರಾಯ್ಡ್ ಮೊದಲು ಕಾಣಿಸಿಕೊಂಡಿದ್ದೂ ಹೀಗೇ, ಚಿಪ್ ಕಂಪನಿಗಳ ಪ್ರಯೋಗದ ಸಾಧನಗಳಲ್ಲಿ. ಕೊಳ್ಳಬಹುದಾದ ಮೊದಲ ಆಂಡ್ರಾಯ್ಡ್ ಫೋನ್, ಟಿ-ಮೊಬೈಲ್ ಜಿ1, ಬಂದಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ.

ಇನ್ನು ವೇಗದ ವಿಷಯ. ಬೆಂಚ್‌ಮಾರ್ಕ್, ಅಂದರೆ ವೇಗ ಅಳೆದು ಅಂಕಿ ಕೊಡುವ ಟೆಸ್ಟ್, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಚಿಪ್ ಸರಿಯಾಗಿ ಬಿಸಿಯೇರುವ ಮೊದಲೇ ದೊಡ್ಡ ಅಂಕಿ ಪರದೆ ಮೇಲೆ ಬಂದಿರುತ್ತದೆ! ಅದೇ ಚಿಪ್ ತೆಳ್ಳಗಿನ ಫೋನಿನಲ್ಲಿ ಅರ್ಧ ಗಂಟೆ ಗೇಮ್ ಓಡಿಸಲಿ. ಕ್ಯಾಮೆರಾ ಪಕ್ಕದ ಜಾಗ ಕೈಗೆ ಸುಡಲು ಶುರುವಾಗುತ್ತದೆ. ಆಗ ಫೋನ್ ತಾನಾಗಿಯೇ ಚಿಪ್‌ನ ವೇಗ ತಗ್ಗಿಸುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಅಂತಾರೆ. ಶಾಖ ಹೊರಹೋಗಲು ತಯಾರಕರು ಏನು ವ್ಯವಸ್ಥೆ ಮಾಡಿದ್ದಾರೆ ಅನ್ನುವುದರ ಮೇಲೆ, ಒಂದೇ ಚಿಪ್‌ನ ಎರಡು ಫೋನುಗಳು ಬೇರೆ ಬೇರೆ ಥರ ಓಡುತ್ತವೆ.

ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುಟ್ಟಲು ಬಿಡದ ಫೋನ್ ಕಂಡರಂತೂ ನನಗೆ ಅನುಮಾನ ಜಾಸ್ತಿ. ಬರೀ ವಿಡಿಯೋ ಓಡುತ್ತಿರಬಹುದು, ಅಲ್ವಾ?

ಹಾಗಾಗಿ ಮೇಳದ ಅಂಕಿ ನೋಡಿ ಸುಮ್ನೆ ಮುಂಗಡ ಬುಕ್ ಮಾಡಬೇಡಿ. ಫೋನ್ ಮಾರಾಟಕ್ಕೆ ಬಂದ ಮೇಲೆ, ಒಂದೇ ಟೆಸ್ಟನ್ನು ಇಪ್ಪತ್ತು ಸಲ ಸತತವಾಗಿ ಓಡಿಸಿರುವ ವಿಮರ್ಶೆ ಹುಡುಕಿ. ಅದರಲ್ಲಿ ಇಪ್ಪತ್ತನೆಯ ಅಂಕಿ ನೋಡಿ, ಮೊದಲನೆಯದನ್ನಲ್ಲ.