22 ವರ್ಷ ಹಳೆಯ ಹಡಗಿನಲ್ಲಿ ಮಗನಿಗೆ ಕೆಲಸ ಸಿಕ್ಕಿದೆ, ಕಳಿಸಬಹುದಾ?

ವರ್ಷ ಕೇಳಿಯೇ ಹೆದರಬೇಡಿ. ನಾನು ಸುರತ್ಕಲ್‌ನವ, ಹಡಗುಗಳ ಉಕ್ಕಿನ ತಗಡು ಎಷ್ಟು ಸವೆದಿದೆ ಅಂತ ಅಳೆಯುವುದೇ ನನ್ನ ಕೆಲಸವಾಗಿತ್ತು. ಹನ್ನೆರಡೇ ವರ್ಷಕ್ಕೆ ಗೆದ್ದಲು ಹಿಡಿದ ಬಾಗಿಲಿನ ಹಾಗಾದ ಹಡಗೂ ನೋಡಿದ್ದೇನೆ, ಮೂವತ್ತು ದಾಟಿಯೂ ಗಟ್ಟಿಮುಟ್ಟಾಗಿದ್ದದ್ದೂ ಉಂಟು.

ಮೊದಲು ಕೆಡುವುದು ಬ್ಯಾಲಸ್ಟ್ ಟ್ಯಾಂಕ್. ಸರಕು ಇಲ್ಲದಾಗ ಹಡಗು ಸ್ಥಿರವಾಗಿರಲಿ ಅಂತ ಸಮುದ್ರದ ನೀರು ತುಂಬುತ್ತಾರಲ್ಲ, ಅದು. ಒಮ್ಮೆ ಟಾರ್ಚ್ ಹಿಡಿದು ಮ್ಯಾನ್‌ಹೋಲ್‌ನಲ್ಲಿ ಇಳಿದೆ. ಸುತ್ತಿಗೆಯಿಂದ ಬಡಿದರೆ ಠಣ್ ಅನ್ನಬೇಕಾದ ತಗಡು ಡಬ್ ಅಂದಿತು, ಅಂಗೈಯಷ್ಟು ಅಗಲದ ತುಕ್ಕು ಕಳಚಿ ಬಿತ್ತು. ಕೆರೆದು, ಜೆಲ್ ಹಚ್ಚಿ ದಪ್ಪ ಅಳೆಯುವ ಪ್ರೋಬ್ ಇಟ್ಟೆ. 12 ಮಿ.ಮೀ. ಇರಬೇಕಾದಲ್ಲಿ 8.4! ಸಾಮಾನ್ಯವಾಗಿ ಕಾಲು ಭಾಗ ಸವೆಯುವುದರೊಳಗೇ ತಗಡು ಬದಲಿಸಬೇಕು. ಮೇಲೆ ಡೆಕ್‌ನಲ್ಲಿ ನೋಡಿದರೆ ಹೊಸ ಹಸಿರು ಪೇಂಟು, ಶೂಗೆ ಅಂಟುವಷ್ಟು ಹಸಿ. ಅವತ್ತಿನಿಂದ ಪೇಂಟು ಮಿರಿಮಿರಿ ಅಂದರೆ ನನಗೆ ಡೌಟು ಜಾಸ್ತಿ.

ತಪಾಸಣೆ ಇಲ್ಲ ಅಂತಲ್ಲ. ಪ್ರತಿ ವರ್ಷ ಒಂದು ಸರ್ವೆ, ಐದು ವರ್ಷಕ್ಕೊಮ್ಮೆ ದೊಡ್ಡದು. ಪ್ರಯಾಣಿಕರ ಹಡಗಿಗೆ ಇನ್ನೂ ಬಿಗಿ, ಅದರ ಸುರಕ್ಷತಾ ಸರ್ಟಿಫಿಕೇಟು 12 ತಿಂಗಳಷ್ಟೇ, ತಳವನ್ನೂ ವರ್ಷ ವರ್ಷ ನೋಡಬೇಕು. ಆದರೆ ಸರ್ವೆಯವರು ಬಂದು ಹೋಗುವುದು ಎರಡು ಮೂರು ದಿನ, ಉಳಿದ ದಿನ ಹಡಗು ಓನರ್ ಕೈಯಲ್ಲಿ. 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ಮುಳುಗಿದ 'ಪ್ರಿನ್ಸೆಸ್ ಮಿರಾಲ್' ನೆನಪಿದೆ ಅಲ್ವಾ? ಉಕ್ಕಿನ ತಗಡಿನ ಸುರುಳಿ (ಕಾಯಿಲ್) ಹೊತ್ತು ಲೆಬನಾನ್‌ಗೆ ಹೊರಟಿದ್ದ ಹಡಗಿಗೆ ನೀರು ನುಗ್ಗಿತು. ಪುಣ್ಯಕ್ಕೆ ಸಿರಿಯಾದ 15 ಮಂದಿಯನ್ನೂ ಕೋಸ್ಟ್ ಗಾರ್ಡ್‌ನವರು ದಡ ಸೇರಿಸಿದರು.

ನೀವು ಮಾಡಬೇಕಾದ್ದು ಇಷ್ಟೇ. ಏಜೆಂಟ್ ಹತ್ತಿರ ಹಡಗಿನ ಐಎಂಒ ನಂಬರ್ ಕೇಳಿ, ಅದು ಹಡಗಿನ ಗುರುತಿನ ಸಂಖ್ಯೆ, ಏಳು ಅಂಕೆ ಇರುತ್ತದೆ. ಹೆಸರು ಸಾಲದು, ಹೆಸರನ್ನೂ ಬಾವುಟವನ್ನೂ ಬದಲಿಸುತ್ತಾರೆ, ಆ ನಂಬರ್ ಮಾತ್ರ ಬದಲಾಗುವುದಿಲ್ಲ. ಈಕ್ವಾಸಿಸ್ ಅಂತ ಒಂದು ವೆಬ್‌ಸೈಟ್ ಉಂಟು, ಪುಕ್ಕಟೆ, ಅದರಲ್ಲಿ ಹಾಕಿದರೆ ತಪಾಸಣೆಯಲ್ಲಿ ದೋಷ ಕಂಡು ಯಾವ ಬಂದರಿನಲ್ಲಿ ಹಡಗನ್ನು ತಡೆದು ನಿಲ್ಲಿಸಿದ್ದರು ಅಂತ ಸಿಗುತ್ತದೆ. ಒಮ್ಮೆ ನಿಲ್ಲಿಸಿದ್ದರೆ ದೊಡ್ಡ ವಿಷಯ ಅಲ್ಲ. ಎರಡು ಮೂರು ವರ್ಷದಲ್ಲಿ ಮತ್ತೆ ಮತ್ತೆ ಲೈಫ್‌ಬೋಟ್, ಫೈರ್ ಪಂಪ್ ಸರಿಯಿಲ್ಲ ಅಂತಲೇ ನಿಲ್ಲಿಸಿದ್ದರೆ ಬೇಡ ಮಾರಾಯ್ರೆ, ಆ ಓನರ್ ದುಡ್ಡು ಬಿಚ್ಚುವವನಲ್ಲ. ನಂಬರ್ ಕೊಡಲಿಕ್ಕೇ ಏಜೆಂಟ್ ಹಿಂದೆಮುಂದೆ ನೋಡಿದರೂ ಬೇಡ.

ಮಗ ಹತ್ತಿದ ಮೇಲೆ ಇಂಜಿನ್ ರೂಮಿನ ಪೈಪುಗಳನ್ನು ನೋಡಲಿ. ತೂತು ಮುಚ್ಚಲು ಸಿಮೆಂಟು ಮೆತ್ತಿದ್ದು ಒಂದಿದ್ದರೆ ಸರಿ, ನಾಲ್ಕೈದು ಕಂಡರೆ ನಿಮಗೆ ಫೋನ್ ಮಾಡಲಿ. ಕರೆಂಟು ಹೋದರೆ ಎಮರ್ಜೆನ್ಸಿ ಜನರೇಟರ್ 45 ಸೆಕೆಂಡಿನೊಳಗೆ ತಾನೇ ಕರೆಂಟು ಕೊಡುತ್ತದಾ ಅಂತಲೂ ಡ್ರಿಲ್‌ನಲ್ಲಿ ಗಮನಿಸಲಿ.

ನಂಬರ್ ಸಿಕ್ಕಿದರೆ ಇಲ್ಲೇ ಹಾಕಿ, ನಾನೂ ನೋಡಿ ಹೇಳುತ್ತೇನೆ.