ವಿಯೆಟ್ನಾಂನ ಸಮ್ಮರ್ ರೋಲ್ ಸುತ್ತುವಾಗ ರೈಸ್ ಪೇಪರ್ ಹರಿದುಹೋಗುತ್ತದೆ, ಏನು ಮಾಡಲಿ?

ಬಿಸಿನೀರಲ್ಲಿ ಒಂದು ನಿಮಿಷ ನೆನೆಸುತ್ತೇನೆ, ಎತ್ತುವಾಗಲೇ ಮುದುಡಿಕೊಳ್ಳುತ್ತದೆ, ಸುತ್ತಿದರೆ ಹರಿಯುತ್ತದೆ ಅಂತ ಬರೆದಿದ್ದೀರಿ. ತೊಂದರೆ ಇರುವುದೇ ಆ ಒಂದು ನಿಮಿಷದಲ್ಲಿ.

ಸೊಪ್ಪು, ಶ್ಯಾವಿಗೆ ಒಳಗಿಟ್ಟು ಕರಿಯದೆ ಹಾಗೇ ತಿನ್ನುವ ಈ ರೋಲಿನ ಹೊದಿಕೆ, ಅಂದರೆ ಅಕ್ಕಿ ಹಿಟ್ಟಿನ ತೆಳು ಹಾಳೆಯಾದ ರೈಸ್ ಪೇಪರ್, ನೀರಿನಿಂದ ಹೊರಗೆ ಬಂದ ಮೇಲೂ ನೆನೆಯುತ್ತಲೇ ಇರುತ್ತದೆ. ಮೈಗೆ ಅಂಟಿದ ನೀರೇ ಅದಕ್ಕೆ ಸಾಕು. ಹಾಗಾಗಿ ಇನ್ನೂ ಗಟ್ಟಿ ಇರುವಾಗಲೇ ಎತ್ತಿಬಿಡಿ. ನಾನು ಅಗಲವಾದ ತಟ್ಟೆಗೆ ತಣ್ಣೀರು ಹಾಕಿಕೊಂಡು, ಮೂರ್ನಾಲ್ಕು ಸೆಕೆಂಡಲ್ಲಿ ಒಂದು ಸುತ್ತು ತಿರುಗಿಸಿ ತೆಗೆಯುತ್ತೇನೆ. ಚಳಿಗಾಲವಾದರೆ ಉಗುರುಬೆಚ್ಚಗಿನ ನೀರು. ಪೇಪರ್ ಮೇಲೆ ಹೆಣಿಗೆಯ ಗುರುತು ಇರುತ್ತದಲ್ಲ, ಎತ್ತುವಾಗ ಅದು ಇನ್ನೂ ಬೆರಳಿಗೆ ತಾಗುತ್ತಿರಬೇಕು. ಹಲಗೆ ಮೇಲೆ ಹಾಸಿ ಸೊಪ್ಪು, ಶ್ಯಾವಿಗೆ ಜೋಡಿಸುವಷ್ಟರಲ್ಲಿ ಅದು ತಾನಾಗಿ ಮೆತ್ತಗಾಗುತ್ತದೆ.

ಆ ಗುರುತು ಬರುವುದು ಬಿದಿರಿನ ತಟ್ಟಿಯಿಂದ. ಕುದಿಯುವ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಅಕ್ಕಿ ಹಿಟ್ಟನ್ನು ನೀರುದೋಸೆಯಷ್ಟು ತೆಳ್ಳಗೆ ಹರಡಿ ಆವಿಯಲ್ಲಿ ಬೇಯಿಸುತ್ತಾರೆ. ಆಮೇಲೆ ತಟ್ಟಿ ಮೇಲೆ ಹಾಕಿ ಬಿಸಿಲಿಗಿಡುತ್ತಾರೆ. ತೈ ನಿನ್ ಪ್ರಾಂತ್ಯದ ಚಾಂಗ್ ಬಾಂಗ್ ಎಂಬ ಊರಲ್ಲಂತೂ ಒಣಗಿಸಿ, ಸುಟ್ಟು, ರಾತ್ರಿ ಇಬ್ಬನಿಗೆ ಇಟ್ಟು ಮೆತ್ತಗೆ ಮಾಡುತ್ತಾರೆ. ಅದಕ್ಕೆ ನೀರೇ ಬೇಡ, ಹಾಗೇ ಸುತ್ತಬಹುದು. ನಮಗೆ ಅಂಗಡಿಯಲ್ಲಿ ಸಿಗುವುದು ಒಣಗಿದ್ದು. 22 ಸೆಂ.ಮೀ. ಅಗಲದ್ದು ಕೊಳ್ಳಿ. ಪ್ಯಾಕೆಟ್ ತಿರುಗಿಸಿ ನೋಡಿ, ಅಕ್ಕಿ ಹಿಟ್ಟಿನ ಜೊತೆ ಟ್ಯಾಪಿಯೋಕಾ (ಮರಗೆಣಸಿನ ಹಿಟ್ಟು) ಇದ್ದರೆ ಒಳ್ಳೆಯದು. ಅದು ಎಳೆದರೆ ಹಿಗ್ಗುತ್ತದೆ, ಬೇಗ ಹರಿಯುವುದಿಲ್ಲ.

ಹರಿಯುವುದಕ್ಕೆ ಇನ್ನೊಂದು ಕಾರಣ ಒಳಗಿನ ನೀರು. ತೊಳೆದ ಲೆಟಿಸ್ ಅನ್ನು ಸುಮ್ನೆ ಒದರಿ ಹಾಕಿದರೆ ಆಗುವುದಿಲ್ಲ, ಬಟ್ಟೆಯಲ್ಲಿ ಒತ್ತಬೇಕು. ಅಕ್ಕಿ ಶ್ಯಾವಿಗೆ ಬೆಂದ ಮೇಲೆ ತಣ್ಣೀರಲ್ಲಿ ತೊಳೆದು, ಜರಡಿಯಲ್ಲಿ ಕಾಲು ಗಂಟೆಯಾದರೂ ಬಿಡಿ. ಬಿಸಿ ಶ್ಯಾವಿಗೆ ಇಡಲೇಬೇಡಿ.

ಈಗ ಸುತ್ತುವುದು. ಹಲಗೆ ಸ್ವಲ್ಪ ಒದ್ದೆ ಇರಲಿ. ಪೇಪರಿನ ನಿಮ್ಮ ಕಡೆಯ ಮೂರನೇ ಒಂದು ಭಾಗದಲ್ಲಿ ಮೊದಲು ಲೆಟಿಸ್ ಎಲೆ ಹಾಸಿ. ಕ್ಯಾರೆಟ್, ಸೌತೆಕಾಯಿಯ ಚೂಪು ತುದಿ ಪೇಪರಿಗೆ ಚುಚ್ಚದಂತೆ ಅದು ಕಾಯುತ್ತದೆ. ಅದರ ಮೇಲೆ ಒಂದು ಚಿಕ್ಕ ಹಿಡಿ ಶ್ಯಾವಿಗೆ, ಪುದೀನ, ಕೊತ್ತಂಬರಿ, ತುಳಸಿ ಜಾತಿಯ ಥಾಯ್ ಬೇಸಿಲ್. ಅದು ಸಿಗದಿದ್ದರೆ ನಮ್ಮ ಕಾಮಕಸ್ತೂರಿ ಎಲೆ ಹಾಕಿ, ಎರಡೂ ಒಂದೇ ಗಿಡದ ಬೇರೆ ಬೇರೆ ತಳಿಗಳು. ಸೊಪ್ಪಿನಲ್ಲಿ ಜಿಪುಣತನ ಮಾಡಬೇಡಿ, ಈ ತಿಂಡಿಯ ರುಚಿಯೆಲ್ಲ ಅದರಲ್ಲೇ ಇದೆ.

ಹತ್ತಿರದ ಅಂಚನ್ನು ಎತ್ತಿ ಎಲ್ಲದರ ಮೇಲೆ ತಂದು, ಬೆರಳಿನಿಂದ ಒಳಕ್ಕೆ ಬಿಗಿಯಾಗಿ ಎಳೆದುಕೊಳ್ಳಿ. ಎರಡು ಪಕ್ಕ ಮಡಚಿ. ಈಗ ಸಿಗಡಿ. ಬೇಯಿಸಿ, ಸಿಪ್ಪೆ ತೆಗೆದು, ಉದ್ದಕ್ಕೆ ಎರಡು ಸೀಳು ಮಾಡಿ, ಕೆಂಪು ಬೆನ್ನು ಪೇಪರಿಗೆ ತಾಗುವಂತೆ ಮುಂದಿನ ಖಾಲಿ ಜಾಗದಲ್ಲಿ ಸಾಲಾಗಿ ಇಡಿ. ಹಾಗೇ ಉರುಳಿಸಿಕೊಂಡು ಹೋದರೆ ಹೋಟೆಲಿನಲ್ಲಿ ನೋಡಿದ ಹಾಗೆ ಹೊರಗಿನಿಂದ ಸಿಗಡಿ ಕಾಣುತ್ತದೆ. ದಕ್ಷಿಣ ವಿಯೆಟ್ನಾಂನ ಸೈಗಾನ್ (ಹೋ ಚಿ ಮಿನ್ ಸಿಟಿ) ಕಡೆಯವರು ಬೇಯಿಸಿದ ಹಂದಿ ಮಾಂಸದ ತೆಳು ಹೋಳನ್ನೂ ಇಡುತ್ತಾರೆ.

ಅತ್ತೆಯವರು ಶಾಕಾಹಾರಿ ಅಂದಿರಲ್ಲ, ಚಿಂತೆ ಬೇಡ. ವಿಯೆಟ್ನಾಂನ ಬೌದ್ಧರಲ್ಲಿ ಬಹಳ ಜನ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ಮುಟ್ಟುವುದಿಲ್ಲ, ಅವತ್ತು ಕರಿದ ತೋಫು, ಅಣಬೆ ಇಟ್ಟು ಇದನ್ನೇ ಸುತ್ತುತ್ತಾರೆ. ಅತ್ತೆಯವರಿಗೆ ಚಟ್ನಿ ಹೀಗೆ ಮಾಡಿ: ಹೋಯ್ಸಿನ್ ಸಾಸ್ (ಸೋಯಾದಿಂದ ಮಾಡುವ ಚೀನಾದ ಗಟ್ಟಿ ಸಿಹಿ ಸಾಸ್), ಕಡಲೆಕಾಯಿ ಬೆಣ್ಣೆ, ಸ್ವಲ್ಪ ನೀರು ಸೇರಿಸಿ ಕುದಿಸಿ, ಮೇಲೆ ಹುರಿದ ಬೆಳ್ಳುಳ್ಳಿ ಮತ್ತು ಕುಟ್ಟಿದ ಕಡಲೆಕಾಯಿ ಬೀಜ ಉದುರಿಸಿ. ಉಳಿದವರಿಗೆ ಫಿಶ್ ಸಾಸ್, ನಿಂಬೆರಸ, ಸಕ್ಕರೆ ಒಂದೊಂದು ಚಮಚ, ನೀರು ಮೂರು ಚಮಚ, ಜಜ್ಜಿದ ಬೆಳ್ಳುಳ್ಳಿ, ಹಸಿ ಮೆಣಸಿನಕಾಯಿ. ಫಿಶ್ ಸಾಸ್ ವಾಸನೆಗೆ ಹೆದರಬೇಡಿ, ನಿಂಬೆ ಬಿದ್ದ ಮೇಲೆ ಬೇರೆಯೇ ಆಗುತ್ತದೆ.

ಹಿಂದಿನ ರಾತ್ರಿಯೇ ಸುತ್ತಿ ಫ್ರಿಜ್‌ನಲ್ಲಿ ಇಡಬಹುದಾ ಅಂತ ಕೇಳಿದ್ದೀರಿ. ಬೇಡ. ತಣ್ಣಗಾದ ಅನ್ನ ಗಟ್ಟಿಯಾಗುವ ಕಾರಣಕ್ಕೇ ಪೇಪರೂ ಶ್ಯಾವಿಗೆಯೂ ಬಿರುಸಾಗುತ್ತವೆ. ಎರಡು ಮೂರು ಗಂಟೆ ಮೊದಲಾದರೆ ಪರವಾಗಿಲ್ಲ, ಆದರೆ ಒಂದಕ್ಕೊಂದು ತಾಗದಂತೆ ಜೋಡಿಸಿ, ಒದ್ದೆ ಬಟ್ಟೆ ಮುಚ್ಚಿಡಿ. ತಾಗಿದರೆ ಬಿಡಿಸುವಾಗ ಖಂಡಿತ ಹರಿಯುತ್ತವೆ. ನನ್ನ ಕೇಳಿದರೆ, ಎಂಟು ಜನಕ್ಕೆ ನೀವೊಬ್ಬರೇ ನಿಂತು ಯಾಕೆ ಸುತ್ತಬೇಕು? ಎಲ್ಲ ಹೆಚ್ಚಿ ತಟ್ಟೆಗಳಲ್ಲಿಟ್ಟು, ನಡುವೆ ಒಂದು ಅಗಲದ ಬಟ್ಟಲಲ್ಲಿ ನೀರಿಡಿ. ಅವರವರದು ಅವರೇ ಸುತ್ತಿಕೊಳ್ಳಲಿ. ವಿಯೆಟ್ನಾಂ ಮನೆಗಳಲ್ಲೂ ಹೀಗೆ ಕೂತು ತಿನ್ನುವುದು ಮಾಮೂಲು.

ಪ್ಯಾಕೆಟ್ಟಿನಲ್ಲಿ ಮುರಿದ ಪೇಪರ್ ಇದ್ದರೆ ಎಸೆಯಬೇಡಿ. ಸೈಗಾನಿನ ಬೀದಿಗಳಲ್ಲಿ ರೈಸ್ ಪೇಪರನ್ನು ಕತ್ತರಿಯಲ್ಲಿ ಪಟ್ಟಿ ಪಟ್ಟಿ ಕತ್ತರಿಸಿ, ಮಾವಿನಕಾಯಿ ತುರಿ, ಕಡಲೆಕಾಯಿ ಬೀಜ, ಸೊಪ್ಪು, ಹುಳಿ, ಖಾರ ಹಾಕಿ ಕಲಸಿ ಕೊಡುತ್ತಾರೆ. ಸಂಜೆ ಕಾಫಿ ಜೊತೆ ನಮ್ಮ ಮನೆಯಲ್ಲಿ ರೋಲ್‌ಗಿಂತ ಅದೇ ಬೇಗ ಖಾಲಿಯಾಗುತ್ತದೆ.